ಜಗಲಿಯ ಬಿಳಿ ದಾರ

ಹೊಳೆಯ ದಡದಲ್ಲಿ ಮುಕ್ತಾಂಬೆಯವರ ಆಶ್ರಮವಿತ್ತು. ಅಲ್ಲಿಗೆ ಬರುವವರು ದೇವರನ್ನು ಹುಡುಕಿಕೊಂಡು ಬರುತ್ತಿರಲಿಲ್ಲ. ಮದ್ದು ಹುಡುಕಿಕೊಂಡು ಬರುತ್ತಿದ್ದರು.

ಬಂದವರ ಕೈಗೆ ಬಾಗಿಲಲ್ಲೇ ಒಂದು ದಾರ ಕಟ್ಟುವುದು ಅಲ್ಲಿನ ಪದ್ಧತಿ. ಕೆಂಪು ಜ್ವರಕ್ಕೆ. ಹಳದಿ ಹೊಟ್ಟೆಗೆ. ನೀಲಿ ವಿಷಕ್ಕೆ ಮತ್ತು ಕಡಿತಕ್ಕೆ. ಮುರಿದ ಕಾಲಿಗೆ, ಸುಟ್ಟ ಕೈಗೆ ದಾರ ಬೇಕಿರಲಿಲ್ಲ. ಅವು ನೋಡಿದರೇ ತಿಳಿಯುತ್ತಿದ್ದವು.

ದಾರ ಕಂಡ ಶಿಷ್ಯರು ರೋಗಿಯನ್ನು ಆಯಾ ಹಜಾರಕ್ಕೆ ಕರೆದೊಯ್ಯುತ್ತಿದ್ದರು. ಅಲ್ಲಿ ಅವರವರ ಕಷಾಯ ಸಿದ್ಧವಾಗಿರುತ್ತಿತ್ತು.

ಇನ್ನೊಂದು ದಾರವಿತ್ತು. ಬಿಳಿ.

ಏನಾಗಿದೆ ಎಂದು ತಿಳಿಯದವರಿಗೆ ಬಿಳಿ ದಾರ. ಅವರನ್ನು ಯಾವ ಹಜಾರಕ್ಕೂ ಸೇರಿಸುತ್ತಿರಲಿಲ್ಲ. ಬಾಗಿಲ ಪಕ್ಕದ ಜಗಲಿಯಲ್ಲಿ ಚಾಪೆ ಹಾಸಿ ಮಲಗಿಸುತ್ತಿದ್ದರು. ಒಳಗೆ ಹೋಗುವವರು, ಹೊರಗೆ ಬರುವವರು, ನೀರು ತರುವವರು, ಸೊಪ್ಪು ಹೊತ್ತು ತರುವವರು, ಯಾರೇ ಆಗಲಿ, ಬಿಳಿ ದಾರ ಕಂಡರೆ ನಿಲ್ಲಬೇಕು. ನಿಂತು ನೋಡಬೇಕು. ಒಂದು ಮಾತು ಕೇಳಬೇಕು. ಅದು ಮುಕ್ತಾಂಬೆಯವರ ಕಟ್ಟಳೆ.

ಅವರಿಗೆ ಇನ್ನೊಂದು ರೂಢಿಯಿತ್ತು. ಯಾವ ಶಿಷ್ಯನಾದರೂ ಬಂದು, "ಅಮ್ಮ, ಇದು ಪಿತ್ತ," ಎಂದರೆ, "ಅಮ್ಮ, ಇದು ವಿಷಮಜ್ವರ," ಎಂದರೆ, ಹೌದೆನ್ನುತ್ತಿರಲಿಲ್ಲ, ಅಲ್ಲವೆನ್ನುತ್ತಿರಲಿಲ್ಲ.

"ಎಷ್ಟು ಹೊತ್ತು ನೋಡಿ ಹೇಳಿದೆ?" ಎಂದು ಕೇಳುತ್ತಿದ್ದರು.

ಶಿಷ್ಯ ಮತ್ತೆ ಹೋಗಿ ನೋಡುತ್ತಿದ್ದ.

ಶಿಷ್ಯರಲ್ಲಿ ಚಿದಂಬರ ಎಲ್ಲರಿಗಿಂತ ಚುರುಕು. ಬೇರುಗಳನ್ನು ರುಚಿಯಿಂದ, ಎಲೆಗಳನ್ನು ನರದ ಗೆರೆಯಿಂದ, ತೊಗಟೆಗಳನ್ನು ವಾಸನೆಯಿಂದ ವಿಂಗಡಿಸಿ ಮದ್ದಿನ ಮನೆಯನ್ನು ಹೊಸದಾಗಿ ಜೋಡಿಸಿದವನು ಅವನೇ. ಕಣ್ಣು ಮುಚ್ಚಿಕೊಂಡು ಕೈ ಚಾಚಿದರೂ ಬೇಕಾದ ಡಬ್ಬಿ ಸಿಗುತ್ತಿತ್ತು. ಮುಕ್ತಾಂಬೆಯವರೇ ಅದನ್ನು ಮೆಚ್ಚಿದ್ದರು.

ಅವನಿಗೆ ಜಗಲಿಯನ್ನು ಕಂಡರೆ ಆಗುತ್ತಿರಲಿಲ್ಲ.

ಒಂದು ದಿನ ಕೇಳಿದ.

"ಅಮ್ಮ, ಬಿಳಿ ದಾರ ಯಾವ ರೋಗದ್ದು?"

"ಯಾವ ರೋಗದ್ದೂ ಅಲ್ಲ."

"ರೋಗದ್ದಲ್ಲ ಅಂದರೆ ರೋಗಿಯ ಕೈಗೆ ಯಾಕೆ ಕಟ್ಟುತ್ತೇವೆ?"

"ನಮ್ಮ ಕೈಗೆ ಕಟ್ಟಿಕೊಂಡರೆ ನಮಗೆ ಮರೆತುಹೋಗುತ್ತದೆ."

ಚಿದಂಬರನಿಗೆ ಅದು ಉತ್ತರ ಅನ್ನಿಸಲಿಲ್ಲ.

"ಮದ್ದಿನ ಮನೆಯಲ್ಲಿ ಜಾಗವಿಲ್ಲದ ಒಂದು ಬೇರೂ ಇಲ್ಲ ಅಮ್ಮ. ಜನರಿಗೆ ಮಾತ್ರ ಯಾಕೆ ಜಾಗವಿಲ್ಲ? ಸರಿಯಾಗಿ ವಿಂಗಡಿಸಿದರೆ ಜಗಲಿಯಲ್ಲಿ ಯಾರೂ ಉಳಿಯಬಾರದು."

ಮುಕ್ತಾಂಬೆ ಅರೆಯುತ್ತಿದ್ದ ಕಲ್ಲನ್ನು ನಿಲ್ಲಿಸಿದರು.

"ಬೇರು ಸುಮ್ಮನಿರುತ್ತದೆ," ಎಂದರು. ಮತ್ತೆ ಅರೆಯತೊಡಗಿದರು.

ಮಳೆಗಾಲ ಮುಗಿದ ಮೇಲೆ ಒಂದು ಬೆಳಗ್ಗೆ ಆಚೆ ದಡದಿಂದ ಕರೆ ಬಂತು. ಕಷ್ಟದ ಹೆರಿಗೆ. ಮುಕ್ತಾಂಬೆ ತಮ್ಮ ಚೀಲ ತೆಗೆದುಕೊಂಡರು. ದೋಣಿ ಹತ್ತುವ ಮೊದಲು ದಾರದ ಉಂಡೆಗಳಿದ್ದ ಬುಟ್ಟಿಯನ್ನು ಚಿದಂಬರನ ಕೈಗೆ ಕೊಟ್ಟರು.

"ಬಾಗಿಲು ನಿನ್ನದು. ಮಧ್ಯಾಹ್ನಕ್ಕೆ ಬರುತ್ತೇನೆ."

ಬಾಗಿಲು ಅದುವರೆಗೆ ಯಾವ ಶಿಷ್ಯನಿಗೂ ಸಿಕ್ಕಿರಲಿಲ್ಲ. ಹೊಟ್ಟೆಯ ಹಜಾರವನ್ನು ನೋಡಿಕೊಳ್ಳುವ ರೇವಣ್ಣನಿಗೂ ಸಿಕ್ಕಿರಲಿಲ್ಲ. ಅವನು ಚಿದಂಬರನಿಗಿಂತ ವಯಸ್ಸಿನಲ್ಲಿ ಬಹಳ ದೊಡ್ಡವನು.

ದೋಣಿ ಹೊಳೆಯ ನಡುವೆ ಹೋಗುವವರೆಗೂ ಚಿದಂಬರ ದಡದಲ್ಲಿ ನಿಂತಿದ್ದ. ಆಮೇಲೆ ಒಳಗೆ ಬಂದು ಬುಟ್ಟಿಯಿಂದ ಬಿಳಿ ಉಂಡೆಯನ್ನು ತೆಗೆದ. ಮೇಲಿನ ಹಲಗೆಯ ಮೇಲೆ, ಕೈಗೆ ಸುಲಭವಾಗಿ ಸಿಗದ ಕಡೆ ಇಟ್ಟ.

ಜಗಲಿಯಲ್ಲಿ ಆಗ ಇದ್ದವನು ಸಣ್ಣಯ್ಯಜ್ಜ ಒಬ್ಬನೇ. ಸುಗ್ಗಿಯಿಂದಲೂ ಅವನ ಕೈಯಲ್ಲಿ ಬಿಳಿ ದಾರವಿತ್ತು. ದಾರ ಬಿಳಿಯೆಂದು ಹೇಳುವ ಹಾಗೂ ಉಳಿದಿರಲಿಲ್ಲ.

"ಅಜ್ಜ, ಸಂಜೆ ಹೊತ್ತು ಮೈ ಬಿಸಿಯಾಗುತ್ತದೆ ಅಲ್ಲವಾ?"

"ಆಗ್ತದೆ. ಸೊಸೆ ನೆನಪಾದರೆ ಬೆಳಗ್ಗೆಯೂ ಆಗ್ತದೆ."

"ಕೈ ಕೊಡಿ."

ಚಿದಂಬರ ಹಳೆಯ ದಾರ ಕತ್ತರಿಸಿ ಕೆಂಪು ಕಟ್ಟಿದ. ಸಣ್ಣಯ್ಯಜ್ಜ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

"ಅಂತೂ ಈ ವಯಸ್ಸಿಗೆ ನನಗೂ ಒಂದು ಪಂಕ್ತಿ ಸಿಕ್ಕಿತಪ್ಪ."

ಚಾಪೆ ಸುತ್ತಿಕೊಂಡು ಜ್ವರದ ಹಜಾರಕ್ಕೆ ಹೋದ.

ಜಗಲಿ ಖಾಲಿಯಾಯಿತು. ಚಿದಂಬರ ತಾನೇ ಪೊರಕೆ ತಂದು ಗುಡಿಸಿದ. ನೀರು ಚಿಮುಕಿಸಿದ. ಅಮ್ಮ ಬಂದಾಗ ಅದು ಹೀಗೇ ಇರಬೇಕು ಎಂದುಕೊಂಡ.

ಮೊದಲ ದೋಣಿಯಲ್ಲಿ ಬಂದವರೆಲ್ಲ ಸುಲಭದವರು. ನಡುಗುವವರಿಗೆ ಕೆಂಪು. ವಾಂತಿಯವರಿಗೆ ಹಳದಿ. ಚೇಳು ಕಡಿದ ಹೆಂಗಸಿಗೆ ನೀಲಿ. ಅವನ ಕೈ ಎಲ್ಲೂ ತಡವರಿಸಲಿಲ್ಲ.

ಎರಡನೆಯ ದೋಣಿಯಲ್ಲಿ ಕೆಂಚಪ್ಪ ಬಂದ. ಇಟ್ಟಿಗೆ ಕೊಯ್ಯುವವನು. ಒಂದು ಕಡೆ ಹೆಂಡತಿ ಹೊನ್ನಿ, ಇನ್ನೊಂದು ಕಡೆ ಅಂಬಿಗ ಅವನನ್ನು ಹಿಡಿದುಕೊಂಡಿದ್ದರು. ಅವನು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡಿದ್ದ.

"ಯಾವಾಗಿನಿಂದ?"

"ಕೋಳಿ ಕೂಗೋ ಹೊತ್ತಿಂದ ಸ್ವಾಮಿ," ಎಂದಳು ಹೊನ್ನಿ. "ಮಲಗಿದ್ದೋರು ಹೊಟ್ಟೆ ಹಿಡ್ಕೊಂಡು ಎದ್ರು."

"ರಾತ್ರಿ ಏನು ತಿಂದಿದ್ದ?"

"ನಾವು ತಿಂದದ್ದೇ. ಮುದ್ದೆ, ಉಪ್ಪುಸಾರು. ನಮಗೆ ಯಾರಿಗೂ ಏನೂ ಆಗಿಲ್ಲ."

ಚಿದಂಬರ ಹಣೆ ಮುಟ್ಟಿದ. ಬಿಸಿ ಇರಲಿಲ್ಲ. ಕಾಲು, ಕೈ, ಬೆರಳ ಸಂದು ನೋಡಿದ. ಕಡಿತದ ಗುರುತಿರಲಿಲ್ಲ. ಹೊಟ್ಟೆ ಒತ್ತಿದ. ಕೆಂಚಪ್ಪ ನರಳಿದ.

"ಇನ್ನೂ ಒಂದು ಸ್ವಾಮಿ," ಎಂದಳು ಹೊನ್ನಿ. "ನೀರು ನುಂಗಕ್ಕೆ ಆಗ್ತಿಲ್ಲ ಅಂತಾರೆ. ಗಂಟಲು ಹಿಡಿದಂಗೆ ಆಗ್ತದಂತೆ."

ಚಿದಂಬರನ ಕೈ ನಿಂತಿತು.

ಹೊಟ್ಟೆನೋವಿನವರ ಗಂಟಲು ಹಾಗೆ ಹಿಡಿಯುವುದಿಲ್ಲ. ಅದು ಅವನಿಗೆ ಗೊತ್ತಿತ್ತು. ಕಣ್ಣು ಮೇಲಿನ ಹಲಗೆಯ ಕಡೆ ಹೋಯಿತು. ಅಲ್ಲಿಂದ ಗುಡಿಸಿದ ಜಗಲಿಯ ಕಡೆ ಬಂತು.

"ಹೊಟ್ಟೆಯ ವಾಯು ಮೇಲಕ್ಕೆ ಒತ್ತುತ್ತಿದೆ," ಎಂದ. "ಗಾಬರಿ ಬೇಡ."

ಹಳದಿ ದಾರ ಕಟ್ಟಿದ.

ಹೊಟ್ಟೆಯ ಹಜಾರದಲ್ಲಿ ರೇವಣ್ಣ ಕೆಂಚಪ್ಪನಿಗೆ ಓಮದ ಕಷಾಯ ಕುಡಿಸಲು ನೋಡಿದ. ಅರ್ಧ ಬಾಯಿಂದ ಹೊರಗೆ ಬಂತು. ರೇವಣ್ಣ ಬಾಯಿ ಒರೆಸಿ ಮಲಗಿಸಿದ.

ಸ್ವಲ್ಪ ಹೊತ್ತಿಗೆ ಕೆಂಚಪ್ಪನ ನರಳಾಟ ನಿಂತಿತು. ಕಣ್ಣಿನ ರೆಪ್ಪೆ ಇಳಿಯಿತು.

"ನೋಡಿದೆಯಾ ತಾಯಿ," ಎಂದ ರೇವಣ್ಣ. "ಕಷಾಯ ಹಿಡಿಯಿತು. ಚೆನ್ನಾಗಿ ಮಲಗಿದ್ದಾನೆ."

"ಇವರು ಹೀಗೆ ಮಲಗೋರಲ್ಲ ಅಣ್ಣ. ಮಲಗಿದ್ರೆ ಗೊರಕೆಗೆ ಪಕ್ಕದ ಮನೆಯೋರು ಬೈತಾರೆ."

"ಸುಸ್ತಾಗಿದೆ. ಎಬ್ಬಿಸಬೇಡ."

"ಕೈ ಎತ್ತಿದ್ರೆ ಕೈ ಹಂಗೇ ಬಿದ್ದೋಗ್ತದೆ."

"ಗಾಢ ನಿದ್ದೆ ಅಂದರೆ ಅದೇ."

ಹೊನ್ನಿ ಗಂಡನ ಕೈಯನ್ನು ಇನ್ನೊಮ್ಮೆ ಎತ್ತಿ ನೋಡಿದಳು. ಆಮೇಲೆ ಎದ್ದು ಬಾಗಿಲಿಗೆ ಹೋದಳು.

"ಸ್ವಾಮಿ, ಒಂದು ಸಲ ಬಂದು ನೋಡಿ."

ಚಿದಂಬರ ಯಾರದೋ ಕೈಗೆ ಕೆಂಪು ದಾರ ಕಟ್ಟುತ್ತಿದ್ದ.

"ಯಾವ ದಾರ ನಿಮ್ಮವರದು?"

"ನೀವೇ ಕಟ್ಟಿದ್ದಲ್ಲ ಸ್ವಾಮಿ. ಹಳದಿ."

"ಹಳದಿಯವರನ್ನು ರೇವಣ್ಣನವರು ನೋಡಿಕೊಳ್ಳುತ್ತಾರಮ್ಮ. ಅವರನ್ನು ಕೇಳಿ."

ಹೊನ್ನಿ ಹಿಂದಕ್ಕೆ ಹೋದಳು.

"ಹೊಟ್ಟೆನೋವೇ ಹೌದಾ ಅಣ್ಣ ಇದು?"

"ದಾರ ಕಟ್ಟಿದವನು ಚಿದಂಬರ. ಅವನಿಗೆ ಗೊತ್ತಿಲ್ಲದೆ ಕಟ್ಟುತ್ತಾನಾ?"

ಹೊನ್ನಿ ಎರಡು ಬಾಗಿಲ ನಡುವಿನ ಅಂಗಳದಲ್ಲಿ ನಿಂತುಕೊಂಡಳು. ಸೊಪ್ಪಿನ ಹೊರೆ ಹೊತ್ತವರು ಅವಳನ್ನು ಬಳಸಿಕೊಂಡು ಹೋದರು. ಯಾರೂ ನಿಲ್ಲಲಿಲ್ಲ. ನಿಲ್ಲಬೇಕಾದ ದಾರ ಅಂದು ಯಾರ ಕೈಯಲ್ಲೂ ಇರಲಿಲ್ಲ.

ಬಿಸಿಲು ನೆತ್ತಿಯಿಂದ ಸ್ವಲ್ಪ ವಾಲಿದಾಗ ಮುಕ್ತಾಂಬೆ ದೋಣಿಯಿಂದ ಇಳಿದರು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದು ಹಾಗೇ ಇತ್ತು. ಮುಖದಲ್ಲಿ ದಣಿವಿತ್ತು, ನಗುವೂ ಇತ್ತು.

"ಹೆಣ್ಣು ಮಗು. ಮೊದಲು ಅಳಲೇ ಇಲ್ಲ. ಊದಿ ಊದಿ ಅಳಿಸಬೇಕಾಯಿತು," ಎನ್ನುತ್ತಾ ಮೆಟ್ಟಿಲ ಮೇಲೆ ಕಾಲಿಟ್ಟರು.

ಅಲ್ಲೇ ನಿಂತರು.

ಜಗಲಿ ನೋಡಿದರು.

"ಇವತ್ತು ಯಾರೂ ಬರಲಿಲ್ಲವೇ?"

"ಬಹಳ ಜನ ಬಂದರು ಅಮ್ಮ." ಚಿದಂಬರನ ದನಿಯಲ್ಲಿ ಸಂತೋಷ ತಡೆಯಲಾರದಷ್ಟಿತ್ತು. "ಎಲ್ಲರಿಗೂ ಜಾಗ ಸಿಕ್ಕಿತು. ಒಬ್ಬರೂ ಉಳಿಯಲಿಲ್ಲ."

"ಬಿಳಿ ದಾರ?"

"ಬೇಕಾಗಲಿಲ್ಲ."

ಮುಕ್ತಾಂಬೆಯವರ ಮುಖದ ನಗು ಹೋಯಿತು.

"ಸಣ್ಣಯ್ಯ ಎಲ್ಲಿ?"

"ಜ್ವರದ ಹಜಾರದಲ್ಲಿ."

ಅವರು ಕಾಲು ತೊಳೆಯಲಿಲ್ಲ. ಚೀಲವನ್ನು ಮೆಟ್ಟಿಲ ಮೇಲೇ ಬಿಟ್ಟರು.

"ಚಿದಂಬರ, ಕಟ್ಟುವಾಗ ನಿನ್ನ ಕೈ ಯಾರ ಹತ್ತಿರ ನಿಂತಿತು?"

"ಅಂದರೆ?"

"ಬೆಳಗ್ಗೆಯಿಂದ ಇಷ್ಟು ಜನಕ್ಕೆ ಕಟ್ಟಿದ್ದೀಯಲ್ಲ. ಒಬ್ಬರ ಹತ್ತಿರವಾದರೂ ಕೈ ನಿಂತಿರಬೇಕು."

ಅಂಗಳದಲ್ಲಿ ಬೇರೆ ಶಿಷ್ಯರು ಇದ್ದರು. ಎಲ್ಲರೂ ಅವನನ್ನೇ ನೋಡುತ್ತಿದ್ದರು.

"ಯಾರ ಹತ್ತಿರವೂ ನಿಲ್ಲಲಿಲ್ಲ ಅಮ್ಮ."

"ಹಾಗಾದರೆ ಕತ್ತರಿ ತಾ. ಎಲ್ಲರ ದಾರವನ್ನೂ ಕತ್ತರಿಸು. ಎಲ್ಲರನ್ನೂ ಹೊಸದಾಗಿ ನೋಡೋಣ."

"ಎಲ್ಲರದ್ದೂ? ಬೆಳಗಿನ ಕೆಲಸವೆಲ್ಲ..."

"ಕತ್ತರಿ."

ಜ್ವರದ ಹಜಾರದಿಂದ ಶುರು ಮಾಡಿದರು. ಚಿದಂಬರ ಒಂದೊಂದೇ ಕೆಂಪು ದಾರ ಕತ್ತರಿಸುತ್ತಾ ಬಂದ. ಮುಕ್ತಾಂಬೆ ಒಬ್ಬೊಬ್ಬರ ಪಕ್ಕದಲ್ಲೂ ಕೂತು ನಾಡಿ ಹಿಡಿದರು, ನಾಲಗೆ ನೋಡಿದರು, ಮಾತಾಡಿಸಿದರು. ಅವಸರ ಮಾಡಲಿಲ್ಲ.

ಸಣ್ಣಯ್ಯಜ್ಜ ತಾನಾಗಿ ಕೈ ಚಾಚಿದ.

"ಕತ್ತರಿಸಿಬಿಡಪ್ಪ. ಜಗಲಿಯೇ ವಾಸಿ. ಅಲ್ಲಿದ್ದಾಗ ಹೋಗೋರು ಬರೋರು ಎಲ್ಲ ಮಾತಾಡಿಸ್ತಿದ್ರು. ಇಲ್ಲಿ ಬಂದಮೇಲೆ ಲೋಟ ಒಂದೇ ಬರ್ತದೆ."

ಚಿದಂಬರ ಅವನ ದಾರವನ್ನೂ ಕತ್ತರಿಸಿದ.

ಮುಂದಿನ ಚಾಪೆಗೆ ಬಂದರು. ಅದರ ಮುಂದಿನದಕ್ಕೆ ಬಂದರು. ಚಿದಂಬರ ಉಳಿದ ಕೆಂಪು ದಾರಗಳನ್ನು ಕಣ್ಣಲ್ಲೇ ಎಣಿಸಿದ. ಜ್ವರದವರೆಲ್ಲ ಮುಗಿದು ಹೊಟ್ಟೆಯ ಹಜಾರಕ್ಕೆ ಹೋಗುವ ಹೊತ್ತಿಗೆ ಎಷ್ಟಾಗುತ್ತದೆ ಎಂದು ಅವನು ಲೆಕ್ಕ ಹಾಕುತ್ತಿದ್ದ. ಹೇಳಿದರೆ ಎಲ್ಲರೆದುರು ಸುಳ್ಳುಗಾರ. ಹೇಳದಿದ್ದರೆ?

ಬಾಗಿಲಲ್ಲಿ ಹೊನ್ನಿ ನಿಂತಿದ್ದಳು. ಎಲ್ಲರನ್ನೂ ನೋಡುತ್ತಾರಂತೆ ಎಂದು ತನ್ನವನ ಸರದಿಗೆ ಕಾಯುತ್ತಿದ್ದಳು. ಚಿದಂಬರನನ್ನೇ ನೋಡುತ್ತಿದ್ದಳು.

ಚಿದಂಬರ ಕತ್ತರಿ ಕೆಳಗಿಟ್ಟ.

"ಅಮ್ಮ. ಇಟ್ಟಿಗೆಯವನು."

"ಎಲ್ಲಿ?"

"ಹೊಟ್ಟೆಯ ಹಜಾರದಲ್ಲಿ. ನುಂಗಲು ಆಗುತ್ತಿಲ್ಲ ಅಂದಿದ್ದರು. ಅಲ್ಲಿ ಕೈ ನಿಂತಿತ್ತು."

ಮುಕ್ತಾಂಬೆ ಓಡಿದರು. ಅದುವರೆಗೆ ಅವರು ಓಡಿದ್ದನ್ನು ಆಶ್ರಮದಲ್ಲಿ ಯಾರೂ ಕಂಡಿರಲಿಲ್ಲ.

ಕೆಂಚಪ್ಪ ಅಂಗಾತ ಮಲಗಿದ್ದ. ಬಾಯಿ ಸ್ವಲ್ಪ ತೆರೆದಿತ್ತು. ತುಟಿ ಕಪ್ಪಾಗುತ್ತಿತ್ತು.

"ಮಲಗಿದ್ದಾನೆ ಅಮ್ಮ," ಎಂದ ರೇವಣ್ಣ.

"ಎಷ್ಟು ಹೊತ್ತು ನೋಡಿ ಹೇಳಿದೆ?"

ರೇವಣ್ಣ ಚಾಪೆಯ ಪಕ್ಕದಿಂದ ಸರಿದು ಜಾಗ ಬಿಟ್ಟ.

ಮುಕ್ತಾಂಬೆ ಕೆಂಚಪ್ಪನನ್ನು ಮಗ್ಗುಲಿಗೆ ಹೊರಳಿಸಿದರು. ಬಾಯಲ್ಲಿ ನಿಂತಿದ್ದ ಜೊಲ್ಲು ಹರಿದುಬಂತು. ಹೆಬ್ಬೆರಳಿನಿಂದ ಅವನ ರೆಪ್ಪೆ ಎತ್ತಿ ಹಿಡಿದರು. ಹೊನ್ನಿಯಿಂದ ಅವನ ಹೆಸರು ಕೇಳಿಕೊಂಡು ಕಿವಿಯ ಹತ್ತಿರ ಬಾಗಿದರು.

"ಕೆಂಚಪ್ಪ. ನನ್ನ ಮಾತು ಕೇಳಿಸುತ್ತಿದ್ದರೆ ಬೆರಳು ಆಡಿಸು."

ಏನೂ ಆಗಲಿಲ್ಲ.

"ಅವಸರವಿಲ್ಲ. ನಾನು ಇಲ್ಲೇ ಇದ್ದೇನೆ."

ಚಾಪೆಯ ಮೇಲೆ ಕಿರುಬೆರಳು ಒಂದು ಸಲ ಅಲುಗಿತು.

"ಇವನು ಮಲಗಿಲ್ಲ," ಎಂದರು ಮುಕ್ತಾಂಬೆ. "ಕಣ್ಣು ತೆರೆಯಲು ಆಗುತ್ತಿಲ್ಲ. ನೀನು ಹೇಳಮ್ಮ, ರಾತ್ರಿ ಎಲ್ಲಿ ಮಲಗಿದ್ದ?"

"ಗೂಡಿನ ಹತ್ರ ತಾಯಿ. ಹಸಿ ಇಟ್ಟಿಗೆ ಕಾಯಕ್ಕೆ."

"ಮಂಚದ ಮೇಲೋ?"

"ನಮಗೆಲ್ಲಿಯ ಮಂಚ ತಾಯಿ. ನೆಲದ ಮೇಲೆ."

"ಕಟ್ಟುಹಾವು," ಎಂದರು ಮುಕ್ತಾಂಬೆ. "ಇಟ್ಟಿಗೆ ಸಂದಿಯಲ್ಲಿ ಇರುತ್ತದೆ. ಮಲಗಿದವನನ್ನು ಕಚ್ಚಿದರೆ ಎಚ್ಚರವೂ ಆಗುವುದಿಲ್ಲ, ಗುರುತೂ ಕಾಣುವುದಿಲ್ಲ. ಮೊದಲು ಹೊಟ್ಟೆ ನೋಯುತ್ತದೆ."

ಚಿದಂಬರ ಬಾಗಿಲ ಕಡೆ ತಿರುಗಿದ.

"ಎಲ್ಲಿಗೆ?"

"ನೀಲಿ ದಾರ ತರುತ್ತೇನೆ ಅಮ್ಮ."

"ದಾರ ಬಿಡೋ!"

ಅವನು ನಿಂತ.

"ಇದಕ್ಕೆ ನನ್ನ ಹತ್ತಿರ ಮದ್ದಿಲ್ಲ. ಮದ್ದಿನ ಮನೆಯ ಯಾವ ಡಬ್ಬಿಯಲ್ಲೂ ಇಲ್ಲ. ವಿಷ ತಾನಾಗಿ ಇಳಿಯಬೇಕು. ಅಲ್ಲಿಯವರೆಗೆ ಇವನ ಉಸಿರು ನಿಲ್ಲಬಾರದು. ಕೂರು ಇಲ್ಲಿ."

ಚಿದಂಬರ ಕೂತ.

"ಮಗು ಅಳದಿದ್ದಾಗ ನಾನು ಊದುವುದನ್ನು ನೋಡಿದ್ದೀಯಲ್ಲ. ಹಾಗೇ. ಗಲ್ಲ ಮೇಲಕ್ಕೆ ಎತ್ತು. ಮೂಗು ಹಿಡಿ. ಬಾಯಿಗೆ ಬಾಯಿಟ್ಟು ಊದು."

ಕೆಂಚಪ್ಪನ ತುಟಿಯಲ್ಲಿ ಜೊಲ್ಲಿತ್ತು. ಗಡ್ಡದಲ್ಲಿ ಕೆಮ್ಮಣ್ಣು ಒಣಗಿತ್ತು. ಚಿದಂಬರ ಬೇರೆಯವರ ಲೋಟದಲ್ಲಿ ನೀರು ಕುಡಿಯದ ಮನೆಯಿಂದ ಬಂದವನು. ಬಾಗಿದವನು ಅರ್ಧದಲ್ಲೇ ನಿಂತ.

"ಇಲ್ಲೂ ವಿಂಗಡಿಸುತ್ತೀಯಾ?" ಎಂದರು ಮುಕ್ತಾಂಬೆ.

ಚಿದಂಬರ ಊದಿದ.

ಕೆಂಚಪ್ಪನ ಎದೆ ಏಳಲಿಲ್ಲ.

"ಗಲ್ಲ ಇನ್ನೂ ಎತ್ತು. ಮತ್ತೆ."

ಎದೆ ಸ್ವಲ್ಪ ಎದ್ದಿತು. ಇಳಿಯಿತು.

"ಮತ್ತೆ. ನೀನು ಉಸಿರಾಡುವ ಹಾಗೇ. ನಿನಗೊಂದು, ಅವನಿಗೊಂದು."

ಹೊಟ್ಟೆನೋವಿನವರು ಎದ್ದು ಗೋಡೆಗೆ ಒರಗಿ ಕೂತು ನೋಡುತ್ತಿದ್ದರು. ತುಟಿಯ ಕಪ್ಪು ನಿಧಾನವಾಗಿ ತಿಳಿಯಾಯಿತು.

ಚಿದಂಬರನಿಗೆ ತಲೆ ಸುತ್ತಿದಾಗ ರೇವಣ್ಣ ಬಂದು ಕೂತ. ರೇವಣ್ಣ ಸೋತಾಗ ಸೊಪ್ಪು ತರುವವನು. ಅವನು ಸೋತಾಗ ಅಂಬಿಗ. ಮತ್ತೆ ಚಿದಂಬರ.

"ಸುಮ್ಮನೆ ಊದಬೇಡಿ," ಎಂದರು ಮುಕ್ತಾಂಬೆ. "ಯಾರಾದರೂ ಮಾತಾಡುತ್ತಿರಿ. ಅವನಿಗೆ ಎಲ್ಲ ಕೇಳಿಸುತ್ತದೆ."

ಹೊನ್ನಿ ಗಂಡನ ತಲೆಯ ಹತ್ತಿರ ಕೂತಳು. ಅವನ ಹಣೆಯ ಮೇಲಿನ ಕೂದಲು ಸರಿಸಿದಳು. ಆಮೇಲೆ ಬೈಯತೊಡಗಿದಳು.

"ಗೂಡು ಹಂಗೇ ನಿಂತದೆ ಕಣಯ್ಯ. ಬೆಂಕಿ ಇಡೋರು ಯಾರು? ನಿಮ್ಮಣ್ಣನ ಕೈಗೆ ಕೊಟ್ರೆ ಅರ್ಧ ಇಟ್ಟಿಗೆ ಬೇಯಾಕಿಲ್ಲ, ಅರ್ಧ ಕರ್ರಗಾಗ್ತವೆ. ಮನೆ ಒಳಗೆ ಬಂದು ಮಲಗು ಅಂದ್ರೆ ಕೇಳಿದ್ಯಾ? ಇಟ್ಟಿಗೆ ಏನು ಎದ್ದು ಓಡೋಗ್ತಿದ್ವಾ?"

ಬೈಯುತ್ತಾ ಬೈಯುತ್ತಾ ಅವನ ಕಿರುಬೆರಳನ್ನು ತನ್ನ ಕೈಯಲ್ಲಿ ಹಿಡಿದುಕೊಂಡಿದ್ದಳು. ಅದು ಈಗ ಅಲುಗುತ್ತಿರಲಿಲ್ಲ.

"ಬೆರಳೂ ನಿಂತುಹೋಯ್ತು ತಾಯಿ."

"ಬೆರಳು ನಿಲ್ಲಲಿ. ಎದೆ ಏಳುತ್ತಿದೆ. ನೀನು ಬೈಯುವುದನ್ನು ನಿಲ್ಲಿಸಬೇಡ."

ಸಂಜೆಯಾಯಿತು. ಯಾರೋ ದೀಪ ತಂದಿಟ್ಟರು. ಜ್ವರ ಇಳಿದವರು ಕಷಾಯದ ಒಲೆ ನೋಡಿಕೊಂಡರು. ಸಣ್ಣಯ್ಯಜ್ಜ ಬಾಗಿಲಲ್ಲಿ ಕೂತು, ಸರದಿ ಯಾರದೆಂದು ಕೂಗಿ ಎಬ್ಬಿಸುವ ಕೆಲಸ ಹಿಡಿದ. ತನಗೂ ಸರದಿ ಕೊಡಿ ಎಂದು ಕೇಳಿದ್ದ. "ನಿಮ್ಮಲ್ಲೇ ಉಸಿರಿಲ್ಲ, ಸುಮ್ಮನಿರಿ ಅಜ್ಜ," ಎಂದಿದ್ದರು ಉಳಿದವರು.

ಬೆಳಕು ಹರಿದಾಗಲೂ ಚಿದಂಬರ ಊದುತ್ತಿದ್ದ. ತುಟಿ ಒಡೆದು ರಕ್ತ ಬಂದಿತ್ತು. ಸರದಿ ಮುಗಿಯಿತು ಎಂದು ಅಜ್ಜ ಕೂಗಿದರೂ ಎದ್ದಿರಲಿಲ್ಲ.

ಬಿಸಿಲು ಏರಿತು. ಚಿದಂಬರ ಬಾಗಿ ಊದಲು ಹೋದ.

"ನಿಲ್ಲು," ಎಂದರು ಮುಕ್ತಾಂಬೆ.

"ಅಮ್ಮ?"

"ಊದಬೇಡ. ನೋಡು."

ಎಲ್ಲರೂ ಕೆಂಚಪ್ಪನ ಎದೆಯನ್ನೇ ನೋಡಿದರು. ಅದು ಸುಮ್ಮನಿತ್ತು. ಹೊನ್ನಿ ಬೈಯುವುದನ್ನು ಮರೆತಳು. ಚಿದಂಬರ ತಡೆಯಲಾರದೆ ಬಾಗಿದ. ಮುಕ್ತಾಂಬೆ ಅವನ ಭುಜ ಹಿಡಿದು ನಿಲ್ಲಿಸಿದರು.

ಎದೆ ಎದ್ದಿತು.

ಯಾರೂ ಊದಿರಲಿಲ್ಲ.

ಇಳಿಯಿತು. ಮತ್ತೆ ಎದ್ದಿತು.

ಹೊನ್ನಿ ಬಾಯಿಗೆ ಸೆರಗು ಒತ್ತಿಕೊಂಡಳು.

ಆಮೇಲೂ ನಡುನಡುವೆ ಊದಬೇಕಾಯಿತು. ಆಮೇಲೆ ಅದೂ ಬೇಕಾಗಲಿಲ್ಲ. ಮೊದಲು ಬೆರಳು ಬಂತು. ಕೊನೆಗೆ ರೆಪ್ಪೆ ಬಂತು. ಮಾತು ಹೊರಡುವ ಹೊತ್ತಿಗೆ ಕೆಂಚಪ್ಪನನ್ನು ಜಗಲಿಗೆ ತಂದು ಗಾಳಿಗೆ ಕೂರಿಸಿದ್ದರು. ಹೊನ್ನಿ ಗಂಜಿ ಕುಡಿಸುತ್ತಿದ್ದಳು.

ರೇವಣ್ಣ ಬಂದು ಎದುರಿಗೆ ನಿಂತ. ಕೈ ಹಿಸುಕಿಕೊಂಡ.

"ನೀವೇ ಅಲ್ಲವಾ ಸ್ವಾಮಿ?" ಎಂದ ಕೆಂಚಪ್ಪ. ದನಿ ಇನ್ನೂ ತೊದಲುತ್ತಿತ್ತು. "ಚೆನ್ನಾಗಿ ಮಲಗಿದ್ದಾನೆ ಅಂದೋರು?"

ರೇವಣ್ಣ ತಲೆ ತಗ್ಗಿಸಿದ.

"ಒಳಗಿಂದ ಕೂಗ್ತಾ ಇದ್ದೆ. ಇಲ್ಲ ಕಣಣ್ಣ, ಎದ್ದಿದ್ದೀನಿ, ಎದ್ದಿದ್ದೀನಿ ಅಂತ."

ಹೊನ್ನಿ ಗಂಜಿಯ ಲೋಟ ಕೆಳಗಿಟ್ಟಳು. ಕೆಂಚಪ್ಪ ಉಸಿರು ತೆಗೆದುಕೊಂಡು ಮುಂದುವರಿಸಿದ.

"ಆದ್ರೂ ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಆ ಚಿಕ್ಕ ಸ್ವಾಮಿಗಳ ಉಸಿರು ಶುಂಠಿ ಶುಂಠಿ ಅಂತಿತ್ತು. ನಿಮ್ಮದು ಬರೀ ಹೊಗೆಸೊಪ್ಪು. ಹಾವಿನ ವಿಷಕ್ಕೆ ಸಾಯದೋನು ನಿಮ್ಮ ಸರದಿ ಬಂದಾಗೆಲ್ಲ ಸತ್ತೇ ಅಂದ್ಕೊಂಡೆ."

ಸಣ್ಣಯ್ಯಜ್ಜ ಕೆಮ್ಮು ಬರುವವರೆಗೆ ನಕ್ಕ. ಅವನ ಚಾಪೆ ಮತ್ತೆ ಜಗಲಿಗೆ ಬಂದಿತ್ತು. ಕೈಯಲ್ಲಿ ಹೊಸ ಬಿಳಿ ದಾರವಿತ್ತು.

ಚಿಕ್ಕ ಸ್ವಾಮಿಗಳು ಅಲ್ಲಿರಲಿಲ್ಲ.

ಚಿದಂಬರ ಆಶ್ರಮದ ಹಿಂದೆ, ಹೊಳೆಯ ಕಲ್ಲಿನ ಮೇಲೆ ಕೂತಿದ್ದ. ಪಕ್ಕದಲ್ಲಿ ಅವನ ಬಟ್ಟೆಯ ಗಂಟಿತ್ತು. ಮುಕ್ತಾಂಬೆ ಹಿಂದಿನಿಂದ ಬಂದು ನಿಂತರು. ಗಂಟನ್ನು ನೋಡಿದರು. ಅದರ ಬಗ್ಗೆ ಏನೂ ಕೇಳಲಿಲ್ಲ.

"ದೋಣಿ ಬಂದಿದೆ," ಎಂದರು. "ಬಾಗಿಲಲ್ಲಿ ಜನ ನಿಂತಿದ್ದಾರೆ."

"ರೇವಣ್ಣನವರನ್ನು ನಿಲ್ಲಿಸಿ ಅಮ್ಮ."

"ಯಾಕೆ?"

"ಕೈ ನಿಂತದ್ದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕಟ್ಟಿದೆ. ನೀವು ಕೇಳಿದಾಗ ಸುಳ್ಳು ಹೇಳಿದೆ. ಆ ಹೊತ್ತಿನಲ್ಲಿ ಅವನು ಸತ್ತಿದ್ದರೆ?"

"ಸತ್ತಿರುತ್ತಿದ್ದ."

ಚಿದಂಬರ ನೀರನ್ನೇ ನೋಡುತ್ತಿದ್ದ. ಒಡೆದ ತುಟಿ ಇನ್ನೂ ಮಾಗಿರಲಿಲ್ಲ.

"ನಾನು ಈ ಕೆಲಸಕ್ಕೆ ಆಗುವವನಲ್ಲ ಅಮ್ಮ. ಅಹಂಕಾರಿ. ಅಷ್ಟೇ ನಾನು. ಈಗ ಚೆನ್ನಾಗಿ ತಿಳಿಯಿತು."

ಮುಕ್ತಾಂಬೆ ಸೆರಗಿನಿಂದ ಬಿಳಿ ದಾರದ ಉಂಡೆಯನ್ನು ತೆಗೆದರು. ಅವನ ಮಡಿಲಿಗೆ ಹಾಕಿದರು.

"ಎಷ್ಟು ಹೊತ್ತು ನೋಡಿ ಹೇಳಿದೆ?"